ಡಿಜಿಟಲ್ ಪಿಯಾನೋಗೆ ಮನೇಲಿ ಯಾವ ಸ್ಪೀಕರ್, ಯಾವ ಆಂಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಜಿಟಲ್ ಪಿಯಾನೋ ತಗೊಂಡು ಆರು ತಿಂಗಳು ಆಗೋ ಹೊತ್ತಿಗೆ ಎಲ್ರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನೋದು ಕೊನೇಲಿ. ಎಲ್ಲಾನೂ ಓದ್ಬೇಕಂತೇನಿಲ್ಲ, ನಿಮಗೆ ಬೇಕಾದ್ದಕ್ಕೆ ನೇರವಾಗಿ ಹೋಗಿ.

## ಶುರು ಮಾಡೋ ಮುಂಚೆ

ಪಿಯಾನೋದಲ್ಲೇ ಸ್ಪೀಕರ್ ಇದ್ಯಲ್ಲ, ಮತ್ತೆ ಹೊರಗಡೆ ಸ್ಪೀಕರ್ ಯಾಕ್ ಬೇಕು?

ಎಲ್ರಿಗೂ ಬೇಕಾಗಲ್ಲ. ಕಲಿಯೋಕೆ ಶುರು ಮಾಡಿದವರು, ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡೋರು ಒಳಗಿರೋದ್ರಲ್ಲೇ ಆರಾಮಾಗಿ ನಡೆಸ್ಬಹುದು. ಆದ್ರೆ ಎತ್ಕೊಂಡು ಹೋಗೋ ಥರದ ತೆಳ್ಳನೆ ಪಿಯಾನೋಗಳಲ್ಲಿ ಸ್ಪೀಕರ್ ತುಂಬಾ ಚಿಕ್ಕದು, ಯಮಾಹಾ ಪಿ-45ರಲ್ಲಿ ಒಂದೊಂದು ಕಡೆಗೆ 6 ವ್ಯಾಟ್, ರೋಲ್ಯಾಂಡ್ ಎಫ್‌ಪಿ-30ಎಕ್ಸ್‌ನಲ್ಲಿ 11 ವ್ಯಾಟ್, ಅದೂ ಎಷ್ಟೋ ಮಾಡೆಲ್‌ಗಳಲ್ಲಿ ಕೆಳಮುಖವಾಗಿ ಕೂತಿರುತ್ತೆ, ಅಂದ್ರೆ ಶಬ್ದ ಮೊದಲು ಸ್ಟ್ಯಾಂಡಿಗೋ ನಿಮ್ ಮೊಣಕಾಲಿಗೋ ಬಡಿದು ಆಮೇಲೆ ಕಿವಿಗೆ ಬರುತ್ತೆ. ಎಡಗೈ ಸ್ವರಗಳು ಮಂಕಾಗಿ, ಬಲಗೈದು ತಗಡಿನ ಥರ ಕೇಳ್ಸೋಕೆ ಕಾರಣ ಇದೇ. ಮರದ ಕ್ಯಾಬಿನೆಟ್ ಇರೋ ದೊಡ್ಡ ಮಾಡೆಲ್ ನಿಮ್ ಹತ್ರ ಇದ್ರೆ ಮಾತು ಬೇರೆ, ಅವುಗಳಲ್ಲಿ ಸ್ಪೀಕರ್ ಚೆನ್ನಾಗೇ ಇರುತ್ತೆ, ಸುಮ್ನೆ ಇನ್ನೊಂದು ಜೋಡಿ ತಂದು ಜಾಗ ಕಳ್ಕೋಬೇಡಿ.

ಹೆಡ್‌ಫೋನಲ್ಲಿ ಸೂಪರ್, ಹೆಡ್‌ಫೋನ್ ತೆಗೆದ್ರೆ ಡಬ್ಬಾ. ಪಿಯಾನೋನೇ ಬದಲಾಯಿಸ್ಲಾ?

ಬೇಡ. ಹೆಡ್‌ಫೋನಲ್ಲಿ ಚೆನ್ನಾಗಿ ಕೇಳ್ತಿದೆ ಅಂದ್ರೆ ಪಿಯಾನೋ ಒಳಗೆ ಸೌಂಡ್ ಚೆನ್ನಾಗೇ ತಯಾರಾಗ್ತಿದೆ, ಹೊರಗೆ ಬರೋ ದಾರಿ ಮಾತ್ರ ಕೆಟ್ಟಿದೆ ಅಂತರ್ಥ. ಸ್ಪೀಕರ್ ಬೇಕಾ ಬೇಡ್ವಾ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಹೆಡ್‌ಫೋನಲ್ಲೂ ಬೇಜಾರಾಗೋ ಹಾಗಿದ್ರೆ ಎಂಥಾ ಸ್ಪೀಕರ್ ತಂದ್ರೂ ಅಷ್ಟೇ, ಆಗ ಪಿಯಾನೋ ಬದಲಾಯಿಸೋದೇ ಸರಿ.

ನನ್ ಪಿಯಾನೋ ಹಿಂದೆ ಹೆಡ್‌ಫೋನ್ ತೂತು ಮಾತ್ರ ಇದೆ, ಲೈನ್ ಔಟ್ ಇಲ್ಲ. ಆಗಲ್ವಾ?

ಆಗುತ್ತೆ. ಪಿ-45, ಎಫ್‌ಪಿ-10 ಥರದ ಪಿಯಾನೋಗಳಲ್ಲಿ ಹೆಡ್‌ಫೋನ್ ಜ್ಯಾಕ್ ಬಿಟ್ರೆ ಬೇರೆ ಆಡಿಯೋ ಔಟ್ ಇಲ್ಲ, ಅದರಿಂದಾನೇ ಸ್ಪೀಕರಿಗೆ ಕೊಡ್ಬಹುದು, ಏನೂ ಸುಡಲ್ಲ. ಜ್ಯಾಕ್ ಚುಚ್ಚಿದ ತಕ್ಷಣ ಪಿಯಾನೋದ ಸ್ಪೀಕರ್ ಬಂದ್ ಆಗುತ್ತೆ, ಅದು ಒಳ್ಳೇದೇ. ಲೈನ್ ಔಟ್, ಅಂದ್ರೆ ಹೊರಗಿನ ಸ್ಪೀಕರಿಗೆ ಶಬ್ದ ಕೊಡೋಕೆ ಅಂತಾನೇ ಇರೋ ತೂತು, ಇದ್ರೆ ಅದನ್ನೇ ಬಳಸಿ. ಕೆಲವು ಪಿಯಾನೋಲಿ ಅದರ ಮೇಲೆ ಆಕ್ಸ್ ಔಟ್ ಅಂತ ಬರೆದಿರುತ್ತೆ. ಲೈನ್ ಔಟ್ ಬಳಸಿದಾಗ ಒಳಗಿನ ಸ್ಪೀಕರ್ ಸಾಮಾನ್ಯವಾಗಿ ತಾನಾಗೇ ನಿಲ್ಲಲ್ಲ, ಎರಡೂ ಒಟ್ಟಿಗೆ ಕೂಗುತ್ತೆ, ಸೆಟ್ಟಿಂಗಿಗೆ ಹೋಗಿ ಸ್ಪೀಕರ್ ಆಫ್ ಮಾಡ್ಬೇಕು.

ಮನೇಲಿ ಒಳ್ಳೆ ಬ್ಲೂಟೂತ್ ಸ್ಪೀಕರ್ ಇದೆ, ಅದನ್ನೇ ಕನೆಕ್ಟ್ ಮಾಡ್ಲಾ?

ವೈರ್‌ಲೆಸ್ ಆಗಿ ಬೇಡ. ಮೊದಲನೇ ವಿಷಯ, ಹೆಚ್ಚಿನ ಪಿಯಾನೋಗಳಲ್ಲಿರೋ ಬ್ಲೂಟೂತ್ ಆಡಿಯೋ ಫೋನಿನ ಹಾಡು ಪಿಯಾನೋ ಒಳಗೆ ಬರೋಕೆ ಇರೋದು, ಪಿಯಾನೋದ ಸೌಂಡ್ ಹೊರಗೆ ಕಳಿಸೋಕಲ್ಲ. ಟ್ರಾನ್ಸ್‌ಮಿಟರ್ ಸಿಕ್ಕಿಸಿ ಕಳಿಸಿದ್ರೂ ಮಾಮೂಲಿ ಬ್ಲೂಟೂತಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಆಗುತ್ತೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ನುಡಿಸೋರ ಕೈಗೆ 15-20 ಮಿಲಿಸೆಕೆಂಡ್ ತಡ ಆದ್ರೇನೇ ಏನೋ ಎಡವಟ್ಟಾಗ್ತಿದೆ ಅನ್ಸೋಕೆ ಶುರುವಾಗುತ್ತೆ, 150ರಲ್ಲಂತೂ ತಾಳ ಹಿಡಿಯೋಕೇ ಆಗಲ್ಲ. ಅದೇ ಸ್ಪೀಕರಲ್ಲಿ ಆಕ್ಸ್ ಇನ್ ತೂತು ಇದ್ರೆ ವೈರ್ ಹಾಕಿ ನೋಡಿ, ಕೆಲವು ಚೆನ್ನಾಗೇ ನಡೆಯುತ್ತೆ, ಇನ್ನು ಕೆಲವು ವೈರಲ್ಲಿ ಬಂದಿದ್ದನ್ನೂ ಒಳಗೆ ಡಿಜಿಟಲ್ ಮಾಡಿ ಸಂಸ್ಕರಿಸಿ ತಡ ಮಾಡ್ತವೆ.

## ಯಾವ ಥರದ್ದು ತಗೊಳ್ಳೋದು

ತಮ್ಮನ ಗಿಟಾರ್ ಆಂಪ್ ಸುಮ್ನೆ ಬಿದ್ದಿದೆ, ಅದಕ್ಕೇ ಹಾಕಿದ್ರೆ?

ಹಾಕಿ ನೋಡಿ, ಕೆಡಲ್ಲ, ಆದ್ರೆ ಇಷ್ಟ ಆಗಲ್ಲ. ಗಿಟಾರ್ ಆಂಪ್ ಇರೋದೇ ಶಬ್ದಕ್ಕೆ ಬಣ್ಣ ಹಚ್ಚೋಕೆ, ಅದರ ಸ್ಪೀಕರ್ 5,000 ಹರ್ಟ್ಜ್ ಆಸುಪಾಸಲ್ಲೇ ಮೇಲಿಂದೆಲ್ಲ ಕತ್ತರಿಸಿ ಹಾಕುತ್ತೆ. ಪಿಯಾನೋದ ಹೊಳಪೆಲ್ಲ ಇರೋದು ಅದರ ಮೇಲೇನೇ. ಎಲೆಕ್ಟ್ರಿಕ್ ಪಿಯಾನೋ ಟೋನ್ ಹಾಕೊಂಡು ನುಡಿಸಿದ್ರೆ ಮಾತ್ರ ಮಜಾ ಬರುತ್ತೆ.

ಕೀಬೋರ್ಡ್ ಆಂಪ್, ಸ್ಟುಡಿಯೋ ಮಾನಿಟರ್, ಪಿಎ ಸ್ಪೀಕರ್... ಒಬ್ಬೊಬ್ರು ಒಂದೊಂದು ಹೇಳ್ತಾರೆ, ತಲೆ ಕೆಟ್ಟೋಗಿದೆ. ಒಂದು ಹೇಳಿ ಸಾಕು.

ಮನೇಲಿ ಕೂತು ನೀವೇ ಕೇಳೋಕೆ ಅಂದ್ರೆ ಒಂದು ಜೊತೆ ಪವರ್ಡ್ ಸ್ಟುಡಿಯೋ ಮಾನಿಟರ್. ಮುಗೀತು.

ಯಾಕೆ ಅಂತ ಬೇಕಿದ್ರೆ ಮುಂದೆ ಓದಿ. ಮಾನಿಟರ್ ಅನ್ನೋದು ಒಂದೆರಡು ಮೀಟರ್ ದೂರದಲ್ಲಿ ಕೂತವರಿಗೆ ಅಂತಾನೇ ಮಾಡಿರೋದು, ಆಂಪ್ ಒಳಗೇ ಇರುತ್ತೆ (ಪವರ್ಡ್ ಅಂದ್ರೆ ಅದೇ), ಬಣ್ಣ ಹಚ್ಚದೆ ಇದ್ದಿದ್ದನ್ನ ಇದ್ದ ಹಾಗೆ ಕೇಳಿಸುತ್ತೆ, ಎರಡು ಇರೋದ್ರಿಂದ ಸ್ಟೀರಿಯೋ ಸಿಗುತ್ತೆ. ಕೀಬೋರ್ಡ್ ಆಂಪ್ ಗಟ್ಟಿಮುಟ್ಟು, ನಾಲ್ಕು ಇನ್‌ಪುಟ್ ಇರುತ್ತೆ, ಎತ್ಕೊಂಡು ರಿಹರ್ಸಲಿಗೆ ಹೋಗ್ಬಹುದು, ಆದ್ರೆ ತುಂಬಾ ಮಾಡೆಲ್‌ಗಳು ಮೋನೋ (ಎಡ-ಬಲ ಬೇರೆ ಬೇರೆ ಕೇಳ್ಸಲ್ಲ), ಮತ್ತೆ ನೆಲದ ಮೇಲಿಟ್ಟು ಜೋರಾಗಿ ಕೂಗ್ಸೋಕೆ ಅಂತ ಮಾಡಿರೋದು, ಹತ್ತಿರ ಕೂತು ಮೆಲ್ಲಗೆ ನುಡಿಸಿದ್ರೆ ಒರಟು. ಪಿಎ ಸ್ಪೀಕರ್ ಸಭಾಂಗಣದ ಹಿಂದಿನ ಸಾಲಿಗೆ ಶಬ್ದ ಎಸೆಯೋ ಯಂತ್ರ. ಅದರ ಹಾರ್ನ್ ಮುಖದ ಎದುರೇ ಇದ್ರೆ ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತೆ, ಕೆಲವದರಲ್ಲಿ ಫ್ಯಾನ್ ಬೇರೆ ಇರುತ್ತೆ, ನಿಧಾನದ ರಾಗ ನುಡಿಸುವಾಗ ಸ್ವರ ಕರಗೋ ಜಾಗದಲ್ಲಿ ಆ ಸುಯ್ ಅನ್ನೋ ಸದ್ದೇ ಎದ್ದು ಕೇಳುತ್ತೆ. ಹೊರಗಡೆ ಕಾರ್ಯಕ್ರಮ ಕೊಡೋರು, ಒಂದೇ ಸಾಮಾನು ಎರಡಕ್ಕೂ ಆಗ್ಬೇಕು ಅನ್ನೋರು ಮಾತ್ರ ಪಿಎ ಕಡೆ ನೋಡಿ.

ಮಾನಿಟರ್ "ತುಂಬಾ ಫ್ಲ್ಯಾಟ್, ಸಂಗೀತಕ್ಕೆ ಆಗಲ್ಲ" ಅಂತ ಹೇಳೋರೂ ಇದಾರೆ, ನಂಗಂತೂ ಆ ಮಾತು ಒಪ್ಪಿಗೆ ಇಲ್ಲ. ಪಿಯಾನೋ ಕಂಪನಿಯವರು ಸ್ಯಾಂಪಲ್‌ಗಳನ್ನ, ಅಂದ್ರೆ ನಿಜವಾದ ಪಿಯಾನೋದಿಂದ ರೆಕಾರ್ಡ್ ಮಾಡಿ ಒಳಗಿಟ್ಟ ಸ್ವರಗಳನ್ನ, ತಿದ್ದಿರೋದೂ ಅಂಥಾ ಸ್ಪೀಕರ್ ಎದುರೇ ಕೂತಲ್ವಾ.

ಹಾಲಲ್ಲಿ ಹಳೇ ಹೈ-ಫೈ ಸೆಟ್ ಇದೆ, ಹೋಮ್ ಥಿಯೇಟರೂ ಇದೆ. ಹೊಸದಕ್ಕೆ ದುಡ್ಡು ಯಾಕೆ?

ಹೈ-ಫೈ ಒಳ್ಳೇದೇ, ಆಕ್ಸ್ ಅಥವಾ ಸಿಡಿ ಇನ್‌ಪುಟ್ಟಿಗೆ ಕೊಡಿ, ಫೋನೋ ಅಂತ ಬರೆದಿರೋದಕ್ಕೆ ಮಾತ್ರ ಕೊಡ್ಬೇಡಿ, ಅದು ರೆಕಾರ್ಡ್ ಪ್ಲೇಯರಿಗೆ. ಒಂದು ಎಚ್ಚರಿಕೆ: ರೆಕಾರ್ಡ್ ಆದ ಹಾಡಲ್ಲಿ ಏರಿಳಿತವನ್ನ ಮೊದಲೇ ಒತ್ತಿ ಸಮ ಮಾಡಿರ್ತಾರೆ, ನೀವು ನೇರ ನುಡಿಸೋ ಪಿಯಾನೋಲಿ ಹಾಗಿಲ್ಲ, ಒಂದು ಜೋರು ಕಾರ್ಡ್ (ಒಟ್ಟಿಗೆ ಒತ್ತಿದ ಕೆಲವು ಸ್ವರ) ಸಡನ್ನಾಗಿ ಎದ್ದು ಬರುತ್ತೆ, ಅದಕ್ಕೆ ಹಾಡು ಕೇಳೋ ವಾಲ್ಯೂಮಿಗಿಂತ ಕಮ್ಮಿ ಇಟ್ಕೊಂಡೇ ಶುರು ಮಾಡಿ. ಹೋಮ್ ಥಿಯೇಟರ್ ರಿಸೀವರ್‌ದು ಬೇರೆ ಕಥೆ, ಅದು ಬಂದ ಶಬ್ದವನ್ನೆಲ್ಲ ಸಂಸ್ಕರಿಸಿ ಆಮೇಲೆ ಬಿಡುತ್ತೆ, ಅಲ್ಲಿ ತಡ ಆಗುತ್ತೆ. ಡೈರೆಕ್ಟ್ ಅಥವಾ ಪ್ಯೂರ್ ಡೈರೆಕ್ಟ್ ಅನ್ನೋ ಮೋಡ್ ಇದ್ರೆ ಹಾಕಿ ನೋಡಿ. ಸೌಂಡ್‌ಬಾರ್ ಬೇಡ.

ಎಷ್ಟು ವ್ಯಾಟ್ ತಗೊಂಡ್ರೆ ಸಾಕು? 100 ಬೇಕಾ 200 ಬೇಕಾ?

ವ್ಯಾಟ್ ನೋಡಿ ಸ್ಪೀಕರ್ ತರೋದು ಈ ವಿಷಯದಲ್ಲಿ ಅತಿ ದೊಡ್ಡ ದಾರಿ ತಪ್ಪೋದು. ವ್ಯಾಟ್ ಎರಡು ಪಟ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬೆಲ್, ಕಿವಿಗೆ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ ಅಷ್ಟೇ. ಎರಡರಷ್ಟು ಜೋರು ಅನ್ಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ವ್ಯಾಟ್ ಹತ್ತು ಪಟ್ಟು.

ಲೆಕ್ಕ ಹಾಕಿ ನೋಡಿ. ಒಂದು ಸ್ಪೀಕರ್ 1 ವ್ಯಾಟಿಗೆ 1 ಮೀಟರಲ್ಲಿ 88 ಡೆಸಿಬೆಲ್ ಕೊಡುತ್ತೆ ಅಂದ್ಕೊಳ್ಳಿ. ಮನೇಲಿ ಸಾಧಾರಣ ನುಡಿಸೋದು 78 ಡೆಸಿಬೆಲ್ ಅಂದ್ರೆ ಅದಕ್ಕೆ 0.1 ವ್ಯಾಟ್ ಸಾಕು. ಜೋರು ಕಾರ್ಡ್ ಅದಕ್ಕಿಂತ 20 ಡೆಸಿಬೆಲ್ ಮೇಲೆ ಹಾರಿದ್ರೂ 10 ವ್ಯಾಟ್. ಹಾಗಾಗಿ ಕೋಣೆಗೆ 30-50 ವ್ಯಾಟಿನ ನಿಜವಾದ ಆಂಪ್ ಇದ್ರೆ ಧಾರಾಳ ಆಯ್ತು, ಅದೂ ಆರ್‌ಎಂಎಸ್ ಅಥವಾ ಕಂಟಿನ್ಯುಯಸ್ ಅಂತ ಬರೆದಿರೋ ಸಂಖ್ಯೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಪೀಕ್ ಅಥವಾ ಪಿಎಂಪಿಒ ಅಂತ ಸಾವಿರಗಟ್ಲೆ ಹೊಡೆದಿರ್ತಾರಲ್ಲ, ಅದನ್ನ ಓದ್ಲೇಬೇಡಿ.

5 ಇಂಚು ಸಾಕಾ, 8 ಇಂಚೇ ಬೇಕಾ? ಪಿಯಾನೋಗೆ ಬೇಸ್ ಜಾಸ್ತಿ ಬೇಕಲ್ವಾ?

ಪಿಯಾನೋದ ಎಡ ತುದಿಯ ಸ್ವರ 27.5 ಹರ್ಟ್ಜ್, ಬಲ ತುದಿದು 4,186 ಹರ್ಟ್ಜ್. ಯಮಾಹಾ ಎಚ್‌ಎಸ್ ಸರಣಿ ನೋಡಿದ್ರೆ 5 ಇಂಚಿನ ಎಚ್‌ಎಸ್5 ಕೆಳಗೆ 54 ಹರ್ಟ್ಜ್ ತನಕ, ಎಚ್‌ಎಸ್7 43ರ ತನಕ, 8 ಇಂಚಿನ ಎಚ್‌ಎಸ್8 38ರ ತನಕ ಅಂತ ಕಂಪನಿನೇ ಹೇಳುತ್ತೆ, ಅದೂ 10 ಡೆಸಿಬೆಲ್ ಕುಸಿದ ಮೇಲಿನ ಲೆಕ್ಕ. ಅಂದ್ರೆ ಯಾವುದೂ 27.5ಕ್ಕೆ ಹೋಗಲ್ಲ!

ಆದ್ರೂ ಗಾಬರಿ ಬೇಡ. ನಿಜವಾದ ಪಿಯಾನೋಲೂ ಆ ಕೊನೇ ಮಂದ್ರ ಸ್ವರಗಳಲ್ಲಿ ಮೂಲ ಕಂಪನ ತುಂಬಾ ಕ್ಷೀಣ, ನಮಗೆ ಕೇಳೋದು 55, 82.5, 110 ಹೀಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು, ಅವನ್ನ ಕೇಳಿ ಮೆದುಳೇ ಕೆಳಗಿನದನ್ನ ತುಂಬ್ಕೊಳ್ಳುತ್ತೆ. ಅದಕ್ಕೇ ಒಳ್ಳೆ 5 ಇಂಚಿನ ಜೋಡಿ ಚಿಕ್ಕ ಕೋಣೆಗೆ ಬೇಕಾದಷ್ಟಾಯ್ತು. ಸ್ವಲ್ಪ ದೊಡ್ಡ ಕೋಣೆ, ಎಡಗೈಲಿ ಆಕ್ಟೇವ್ ಜಾಸ್ತಿ ನುಡಿಸೋರು ಅಂದ್ರೆ 6.5ರಿಂದ 7 ಇಂಚು, ನನ್ನ ಪ್ರಕಾರ ಪಿಯಾನೋಗೆ ಸರಿಯಾದ ಅಳತೆ ಅದೇ. 8 ಇಂಚನ್ನ ಚಿಕ್ಕ ಕೋಣೇಲಿ ಗೋಡೆಗೆ ಒತ್ತಿ ಇಟ್ರೆ ಬೇಸ್ ಗೊಜ್ಜಾಗುತ್ತೆ.

ದುಡ್ಡು ಕಮ್ಮಿ ಇದೆ, ಈಗ ಒಂದೇ ಸ್ಪೀಕರ್ ತಗೊಂಡು ಮುಂದಿನ ವರ್ಷ ಇನ್ನೊಂದು ತಗೊಳ್ಲಾ?

ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ವಾಸಿ. ಪಿಯಾನೋ ಸ್ಯಾಂಪಲನ್ನ ಎರಡು ಅಥವಾ ಜಾಸ್ತಿ ಮೈಕ್ ದೂರ ದೂರ ಇಟ್ಟು ರೆಕಾರ್ಡ್ ಮಾಡಿರ್ತಾರೆ, ಆ ಎಡ-ಬಲ ಎರಡನ್ನೂ ಸೇರಿಸಿ ಒಂದೇ ಸ್ಪೀಕರಿಗೆ ಹಾಕಿದ್ರೆ ಕೆಲವು ಕಂಪನಗಳು ಒಂದಕ್ಕೊಂದು ಹೊಡ್ಕೊಂಡು ಸಾಯ್ತವೆ, ಬಕೆಟ್ ಒಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತೆ. ಒಂದರಲ್ಲೇ ನಡೆಸ್ಬೇಕು ಅಂದ್ರೆ ಪಿಯಾನೋದ ಎಲ್/ಮೋನೋ ತೂತಿಗೆ ಮಾತ್ರ ಕೇಬಲ್ ಹಾಕಿ, ಮೋನೋ ಪಿಯಾನೋ ಅನ್ನೋ ಟೋನ್ ಲಿಸ್ಟಲ್ಲಿ ಇದ್ರೆ ಅದನ್ನ ಆರಿಸಿ.

ಅಂಗಡೀಲಿ ಎಲ್ಲಾ ಸ್ಪೀಕರೂ ಚೆನ್ನಾಗೇ ಕೇಳುತ್ತೆ. ಹೇಗೆ ಪರೀಕ್ಷೆ ಮಾಡೋದು?

ಅವರು ಹಾಕೋ ಹಾಡು ಕೇಳ್ಬೇಡಿ. ನಿಮ್ಮ ಪಿಯಾನೋದ್ದೇ ರೆಕಾರ್ಡಿಂಗ್ ಪೆನ್‌ಡ್ರೈವಲ್ಲೋ ಫೋನಲ್ಲೋ ತಗೊಂಡು ಹೋಗಿ, ಅದರಲ್ಲಿ ಎಡ ತುದಿಯಿಂದ ಎರಡು ಆಕ್ಟೇವ್ ಒಂದೊಂದೇ ಸ್ವರ ಒಂದೇ ಬಲದಲ್ಲಿ ನಿಧಾನಕ್ಕೆ ನುಡಿಸಿದ್ದು ಇರ್ಲಿ, ಯಾವ್ದೋ ಒಂದು ಸ್ವರ ಗುಮ್ ಅಂತ ಎದ್ದು ಇನ್ನೊಂದು ಮಾಯ ಆಗ್ತಿದ್ಯಾ ನೋಡಿ. ಆಮೇಲೆ ಒಂದು ಕಾರ್ಡ್ ಒತ್ತಿ ಪೆಡಲ್ ಹಿಡಿದು ಪೂರ್ತಿ ಕರಗೋ ತನಕ ಬಿಟ್ಟಿದ್ದು. ಕೊನೇಲಿ ಏನೂ ನುಡಿಸದೆ ಸ್ಪೀಕರ್ ಆನ್ ಇಟ್ಟು ಒಂದು ಮೀಟರ್ ದೂರದಿಂದ ಸುಮ್ನೆ ಕೇಳಿ, ಆ ಸುಯ್ ಸದ್ದು ಅಂಗಡಿ ಗಲಾಟೇಲೂ ಕೇಳ್ತಿದೆ ಅಂದ್ರೆ ರಾತ್ರಿ ಮನೇಲಿ ನಿಮ್ಮನ್ನ ಕಾಡೋದು ಗ್ಯಾರಂಟಿ.

## ತಂದ ಮೇಲೆ: ವೈರು, ಜಾಗ, ಗದ್ದಲ

ಯಾವ ಕೇಬಲ್ ತರ್ಲಿ?

ಲೈನ್ ಔಟಿಂದ ಅಂದ್ರೆ 6.35 ಮಿಲಿಮೀಟರಿನ ಮಾಮೂಲಿ ಮೋನೋ ಕೇಬಲ್ ಎರಡು. ಐದು ಮೀಟರ್ ಒಳಗೇ ಮುಗಿಸಿ. ಚಿನ್ನ ಬಳಿದ ದುಬಾರಿ ಕೇಬಲ್ ಬೇಕಿಲ್ಲ.

ಹೆಡ್‌ಫೋನ್ ಜ್ಯಾಕಿಂದ ಸ್ಟೀರಿಯೋ ಕೇಬಲಲ್ಲಿ ಮಾನಿಟರಿಗೆ ಕೊಟ್ಟೆ, ಸೌಂಡ್ ತೆಳ್ಳಗೆ, ಟೊಳ್ಳಾಗಿ, ದೂರದಲ್ಲೆಲ್ಲೋ ಇದ್ದ ಹಾಗೆ ಬರ್ತಿದೆ. ಸ್ಪೀಕರ್ ಕೆಟ್ಟಿದ್ಯಾ?

ಕೆಟ್ಟಿಲ್ಲ. ನೋಡೋಕೆ ಒಂದೇ ಥರ ಇರೋ ಟಿಆರ್‌ಎಸ್ ಪ್ಲಗ್ (ತುದಿ, ಉಂಗುರ, ಬುಡ ಅಂತ ಮೂರು ಭಾಗದ್ದು) ಎರಡು ಕೆಲಸಕ್ಕೆ ಬಳಕೆ ಆಗುತ್ತೆ, ತೊಂದರೆ ಇರೋದು ಅಲ್ಲೇ. ಹೆಡ್‌ಫೋನ್ ಜ್ಯಾಕಲ್ಲಿ ತುದೀಲಿ ಎಡ ಚಾನೆಲ್, ಮಧ್ಯದ ಉಂಗುರದಲ್ಲಿ ಬಲ ಚಾನೆಲ್. ಮಾನಿಟರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಇದೇನೂ ಗೊತ್ತಿಲ್ಲ, ಅದು ತುದಿಯಿಂದ ಉಂಗುರವನ್ನ ಕಳೆದು ಉಳಿದಿದ್ದನ್ನ ಕೇಳಿಸುತ್ತೆ. ಎಡದಿಂದ ಬಲ ಕಳೆದ್ರೆ ಎರಡರಲ್ಲೂ ಸಮಾನವಾಗಿ ಇರೋದೆಲ್ಲ ಸೊನ್ನೆ, ಅಂದ್ರೆ ಪಿಯಾನೋದ ಮೈಯೇ ಹೋಗಿ ಬರೀ ಅಂಚು ಉಳ್ಕೊಳ್ಳುತ್ತೆ. ಪರಿಹಾರ ಸುಲಭ, ವೈ ಕೇಬಲ್ ತನ್ನಿ: ಒಂದು ಕಡೆ ಸ್ಟೀರಿಯೋ ಪ್ಲಗ್, ಇನ್ನೊಂದು ಕಡೆ ಎರಡು ಮೋನೋ ಪ್ಲಗ್, ಒಂದೊಂದು ಸ್ಪೀಕರಿಗೆ ಒಂದೊಂದು.

ಸ್ಪೀಕರ್ ಎಲ್ಲಿಡ್ಲಿ? ಪಿಯಾನೋ ಮೇಲೇ ಇಟ್ರೆ ನಡೆಯುತ್ತಾ?

ನಡೆಯುತ್ತೆ, ಆದ್ರೆ ಸ್ಲ್ಯಾಬ್ ಪಿಯಾನೋ (ಎತ್ಕೊಂಡು ಹೋಗೋ ಥರದ ತೆಳ್ಳನೆದು) ಮೇಲೆ ಇಟ್ರೆ ಕೀ ಒತ್ತಿದಾಗೆಲ್ಲ ಅಲ್ಲಾಡುತ್ತೆ, ಸ್ಪೀಕರಿನ ನಡುಕ ಪಿಯಾನೋ ಮೈಗೂ ಇಳಿದು ಎಲ್ಲೋ ಒಂದು ಸ್ಕ್ರೂ ಜರ್ ಅನ್ನುತ್ತೆ. ಬೇರೆ ಸ್ಟ್ಯಾಂಡ್ ಹಾಕಿ, ಪಿಯಾನೋ ಹಿಂದೆ ಎರಡು ಪಕ್ಕಕ್ಕೆ. ಟ್ವೀಟರ್ (ಮೇಲಿನ ಸ್ವರ ಕೊಡೋ ಚಿಕ್ಕ ಸ್ಪೀಕರ್) ನಿಮ್ ಕಿವಿ ಎತ್ತರಕ್ಕೆ ಬರ್ಬೇಕು, ಎರಡು ಸ್ಪೀಕರ್ ಮತ್ತು ನಿಮ್ ತಲೆ ಸೇರಿ ಸಮಬಾಹು ತ್ರಿಕೋನ ಆಗ್ಬೇಕು. ಇದೊಂದನ್ನ ಸರಿ ಮಾಡಿದ್ರೆ ಸಾಧಾರಣ ಸ್ಪೀಕರೂ ಎದ್ದು ನಿಲ್ಲುತ್ತೆ, ಇದನ್ನ ಬಿಟ್ರೆ ಎಂಥಾ ದುಬಾರಿ ಸ್ಪೀಕರೂ ಮಂಕು. ಹಿಂದುಗಡೆ ಗಾಳಿ ತೂತು ಇರೋ ಮಾಡೆಲ್ ಆದ್ರೆ ಗೋಡೆಯಿಂದ ಒಂದು ಗೇಣಾದ್ರೂ ಮುಂದಕ್ಕೆ ತನ್ನಿ. ಮೂಲೇಲಿ ತುರುಕ್ಬೇಡಿ.

ತುಂಬಾ ದೂರಾನೂ ಬೇಡ. ಗಾಳೀಲಿ ಶಬ್ದ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ, ಕೋಣೆಯ ಆ ತುದೀಲಿ ನಾಲ್ಕು ಮೀಟರ್ ದೂರ ಇಟ್ರೆ ಅಲ್ಲೇ 12 ಮಿಲಿಸೆಕೆಂಡ್ ಹೋಯ್ತು.

ವಾಲ್ಯೂಮ್ ಪಿಯಾನೋಲಿ ಜಾಸ್ತಿ ಇಡ್ಬೇಕಾ, ಸ್ಪೀಕರಲ್ಲಾ?

ಪಿಯಾನೋದ್ದು ಮುಕ್ಕಾಲು ಭಾಗಕ್ಕೆ ಇಟ್ಟು ಸ್ಪೀಕರಿನದು ಸೊನ್ನೆಯಿಂದ ಮೆಲ್ಲಗೆ ಏರ್ಸಿ. ಉಲ್ಟಾ ಮಾಡಿದ್ರೆ ಸುಯ್ ಸದ್ದು ಜಾಸ್ತಿ. ಸ್ಪೀಕರ್ ಹಿಂದೆ +4 ಮತ್ತು -10 ಅನ್ನೋ ಸ್ವಿಚ್ ಇದ್ರೆ, ಸೌಂಡ್ ತೀರಾ ಕಮ್ಮಿ ಅನ್ಸಿದಾಗ -10ಕ್ಕೆ ಹಾಕಿ. ಆನ್ ಮಾಡುವಾಗ ಪಿಯಾನೋ ಮೊದಲು ಸ್ಪೀಕರ್ ಆಮೇಲೆ, ಆಫ್ ಮಾಡುವಾಗ ಸ್ಪೀಕರ್ ಮೊದಲು. ಇಲ್ದಿದ್ರೆ ಢಬ್ ಅಂತ ಹೊಡೆಯುತ್ತೆ.

ಲ್ಯಾಪ್‌ಟಾಪ್ ಯುಎಸ್‌ಬಿ ಹಾಕಿದ ತಕ್ಷಣ ಗುಂಯ್ ಅಂತ ಸದ್ದು ಶುರು. ತೆಗೆದ್ರೆ ನಿಲ್ಲುತ್ತೆ.

ಗ್ರೌಂಡ್ ಲೂಪ್. ಲ್ಯಾಪ್‌ಟಾಪ್, ಪಿಯಾನೋ, ಸ್ಪೀಕರ್ ಮೂರೂ ಭೂಮಿಗೆ ಬೇರೆ ಬೇರೆ ದಾರೀಲಿ ಸೇರಿ ಒಂದು ಸುತ್ತು ಆಗಿದೆ, ಅದರಲ್ಲಿ ಕರೆಂಟಿನ 50 ಅಥವಾ 60 ಹರ್ಟ್ಜ್ ಸದ್ದು ಓಡಾಡ್ತಿದೆ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತ್ರೆ ಕಳ್ಳ ಸಿಕ್ಕಿದ. ಎಲ್ಲಾ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗ್ಲೂ ಹೋಗ್ಲಿಲ್ಲ ಅಂದ್ರೆ ಪಿಯಾನೋಗೂ ಸ್ಪೀಕರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ ಅಥವಾ ಐಸೋಲೇಟರ್ ಹಾಕಿ, ಶಬ್ದ ಮಾತ್ರ ದಾಟಿ ಈ ಸುತ್ತು ಕಡಿಯುತ್ತೆ. ಪ್ಲಗ್ಗಿನ ಅರ್ತ್ ಪಿನ್ ಮುರಿಯೋದು, ಟೇಪ್ ಸುತ್ತೋದು ಮಾತ್ರ ಮಾಡ್ಲೇಬೇಡಿ, ಸದ್ದು ಹೋಗುತ್ತೆ ನಿಜ, ಆದ್ರೆ ನಾಳೆ ಒಳಗೆ ಏನಾದ್ರೂ ಶಾರ್ಟ್ ಆದ್ರೆ ಕರೆಂಟ್ ನಿಮ್ ಮೈಮೇಲೆ.

ಕೆಳಗಿನ ಮನೆಯವರು ದೂರು ಕೊಡ್ತಾರೆ, ವಾಲ್ಯೂಮ್ ಕಮ್ಮಿ ಮಾಡಿದ್ರೂ ಕೊಡ್ತಾರೆ!

ಅವರಿಗೆ ಕೇಳ್ತಿರೋದು ಸಂಗೀತ ಅಲ್ಲ, ಕೀ ಬಡಿಯೋ ಟಕ ಟಕ ಮತ್ತು ಪೆಡಲ್ ತುಳಿಯೋ ಸದ್ದು, ಅದು ಸ್ಟ್ಯಾಂಡ್ ಮೂಲಕ ನೆಲಕ್ಕೆ ಇಳಿಯುತ್ತೆ. ಸ್ಟ್ಯಾಂಡಿನ ಕಾಲಡಿ ಮತ್ತು ಪೆಡಲ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಸ್ಪೀಕರ್ ಅಡಿ ಫೋಮ್ ಇಡಿ. ರಾತ್ರಿ ಹೆಡ್‌ಫೋನಿಗೆ ಹೋದ್ರೂ ಈ ಟಕ ಟಕ ಇರುತ್ತೆ ಅನ್ನೋದು ನೆನಪಿರ್ಲಿ.

## ಇನ್ನೂ ಆಳಕ್ಕೆ

ಎಡಗಡೆ ಒಂದೇ ಒಂದು ಸ್ವರ ಮಾತ್ರ ಗುಮ್ಮ್ ಅಂತ ಮನೆ ಅದುರೋ ಹಾಗೆ ಬರುತ್ತೆ, ಪಕ್ಕದ್ದು ನಾರ್ಮಲ್. ಯಾಕೆ?

ಕೋಣೆ ಹಾಡ್ತಿದೆ, ಸ್ಪೀಕರಲ್ಲ. ಎದುರು ಬದುರು ಗೋಡೆ ನಡುವಿನ ದೂರಕ್ಕೆ ತಕ್ಕ ಒಂದು ಕಂಪನ ಅಲ್ಲೇ ನಿಂತು ಬಲ ತಗೊಳ್ಳುತ್ತೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಗೋಡೆ ದೂರದ ಎರಡರಷ್ಟರಿಂದ ಭಾಗಿಸಿ. 3.5 ಮೀಟರ್ ಕೋಣೆ ಆದ್ರೆ 343 ಭಾಗಿಸು 7, ಅಂದ್ರೆ 49 ಹರ್ಟ್ಜ್, ಸರಿಯಾಗಿ ಎಡ ತುದಿಯಿಂದ 11ನೇ ಕೀ. ಅದರ ಒಂದು ಆಕ್ಟೇವ್ ಮೇಲಿಂದೂ ಸ್ವಲ್ಪ ಕುಣಿಯುತ್ತೆ. ನಿಮ್ ಕೋಣೆ ಅಳೆದು ಲೆಕ್ಕ ಹಾಕಿ ಆ ಕೀ ಒತ್ತಿ ನೋಡಿ, ಮಜಾ ಇರುತ್ತೆ.

ಔಷಧಿ ಅಂದ್ರೆ ಮೊದಲು ಸ್ಪೀಕರ್ ಮತ್ತು ಸ್ಟೂಲ್ ಎರಡನ್ನೂ ಅರ್ಧ ಅರ್ಧ ಮೀಟರ್ ಸರಿಸಿ ನೋಡೋದು, ಕೋಣೆಯ ನಟ್ಟನಡುವೆಯೂ ಗೋಡೆಗೆ ಒರಗಿಯೂ ಕೂರ್ಬೇಡಿ. ಸ್ಪೀಕರ್ ಹಿಂದೆ ಬೇಸ್ ಕಮ್ಮಿ ಮಾಡೋ ಸ್ವಿಚ್ ಇದ್ರೆ ಒಂದು ಹಂತ ಇಳ್ಸಿ. ತೆಳ್ಳನೆ ಫೋಮ್ ಹಾಳೆ ಗೋಡೆಗೆ ಅಂಟಿಸಿದ್ರೆ ಈ ಸಮಸ್ಯೆಗೆ ಏನೂ ಆಗಲ್ಲ, ಅದು ಮೇಲಿನ ಸ್ವರಗಳನ್ನ ಮಾತ್ರ ಹೀರುತ್ತೆ. ಪುಸ್ತಕ ತುಂಬಿದ ಕಪಾಟು, ದಪ್ಪ ಸೋಫಾ ಇವು ಅದಕ್ಕಿಂತ ಎಷ್ಟೋ ವಾಸಿ.

ಸಬ್‌ವೂಫರ್ ಹಾಕ್ಲಾ?

ಮೇಲಿನ ಪ್ರಶ್ನೆಗೆ ಪರಿಹಾರ ಸಿಕ್ಕಿದ ಮೇಲೆ ಮಾತ್ರ. ಹಾಕಿದ್ರೆ 80 ಹರ್ಟ್ಜ್ ಆಸುಪಾಸು ಕ್ರಾಸೋವರ್ (ಅದಕ್ಕಿಂತ ಕೆಳಗಿನದು ಮಾತ್ರ ಸಬ್‌ವೂಫರಿಗೆ ಹೋಗೋ ಗಡಿ) ಇಟ್ಟು, ವಾಲ್ಯೂಮ್ ಎಷ್ಟು ಕಮ್ಮಿ ಅಂದ್ರೆ ಆಫ್ ಮಾಡಿದಾಗ್ಲೇ ಅದು ಇತ್ತು ಅಂತ ಗೊತ್ತಾಗ್ಬೇಕು. ಅಪಾರ್ಟ್‌ಮೆಂಟಲ್ಲಿ ಇರೋರು ಆಸೆ ಬಿಟ್ಬಿಡಿ.

ಹೆಡ್‌ಫೋನ್ ಔಟಿಂದ ಒಳ್ಳೆ ಮಾನಿಟರಿಗೆ ಸರಿಯಾದ ಕೇಬಲಲ್ಲೇ ಕೊಟ್ಟಿದೀನಿ, ಆದ್ರೂ ಏನೋ ವಿಚಿತ್ರವಾಗಿ ಅಗಲ ಅಗಲ ಕೇಳುತ್ತೆ.

ಇದು ಜನ ಗಮನಿಸದೇ ಇರೋ ವಿಷಯ. ಈಗಿನ ಎಷ್ಟೋ ಪಿಯಾನೋಗಳು ಜ್ಯಾಕ್ ಚುಚ್ಚಿದ ತಕ್ಷಣ ನೀವು ಹೆಡ್‌ಫೋನ್ ಹಾಕೊಂಡಿದೀರಿ ಅಂತಾನೇ ತಿಳ್ಕೊಂಡು ಶಬ್ದ ತಲೆಯಿಂದ ಹೊರಗೆ ಬಂದ ಹಾಗೆ ಅನ್ಸೋ ಎಫೆಕ್ಟ್ ಹಾಕ್ತವೆ. ಯಮಾಹಾದಲ್ಲಿ ಸ್ಟೀರಿಯೋಫೋನಿಕ್ ಆಪ್ಟಿಮೈಸರ್, ರೋಲ್ಯಾಂಡಲ್ಲಿ ಹೆಡ್‌ಫೋನ್ಸ್ 3ಡಿ ಆಂಬಿಯೆನ್ಸ್, ಕೆಲವು ದೊಡ್ಡ ಮಾಡೆಲ್‌ಗಳಲ್ಲಿ ಬೈನಾರಲ್ (ಎರಡು ಕಿವಿ ಜಾಗದಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದ) ಸ್ಯಾಂಪಲ್ಲೇ ಬೇರೆ ಇರುತ್ತೆ. ಅದೆಲ್ಲ ಕಿವಿಗೆ ಅಂಟಿರೋ ಹೆಡ್‌ಫೋನಿಗೆ ಸರಿ, ಸ್ಪೀಕರಲ್ಲಿ ಎಡವಟ್ಟು. ಮ್ಯಾನ್ಯುಯಲ್ ತೆಗೆದು ಅದನ್ನ ಆಫ್ ಮಾಡೋ ದಾರಿ ಹುಡುಕಿ. ಸಣ್ಣ ಸ್ಪೀಕರಿಗೆ ಅಂತ ನೀವೇ ಯಾವಾಗ್ಲೋ ಏರಿಸಿಟ್ಟ ಇಕ್ಯೂ (ಬೇಸ್-ಟ್ರೆಬಲ್ ಹೊಂದಾಣಿಕೆ) ಇದ್ರೆ ಅದನ್ನೂ ಸಪಾಟು ಮಾಡಿ.

ಕಂಪ್ಯೂಟರಲ್ಲಿ ಸಾಫ್ಟ್‌ವೇರ್ ಪಿಯಾನೋ ಹಾಕ್ಬೇಕು ಅಂತಿದೀನಿ. ಸ್ಪೀಕರ್ ಪಿಯಾನೋಗೆ ಕನೆಕ್ಟ್ ಮಾಡ್ಲಾ ಕಂಪ್ಯೂಟರಿಗಾ?

ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಹೊರಗಿಂದ ಹಾಕೋ ಸೌಂಡ್ ಪೆಟ್ಟಿಗೆ) ತಗೊಂಡು ಅದಕ್ಕೆ ಕೊಡಿ, ಕಂಪ್ಯೂಟರಿನ ಹೆಡ್‌ಫೋನ್ ತೂತಿಗಲ್ಲ. ಇಂಟರ್‌ಫೇಸಿನ ಔಟ್‌ಪುಟ್ ಬ್ಯಾಲೆನ್ಸ್ಡ್ ಆಗಿದ್ರೆ, ಹೆಚ್ಚಿನವು ಹಾಗೇ ಇರುತ್ತೆ, ಇಲ್ಲಿ ಟಿಆರ್‌ಎಸ್ ಕೇಬಲ್ಲೇ ಸರಿ. ಪಿಯಾನೋದ ಲೈನ್ ಔಟನ್ನ ಇಂಟರ್‌ಫೇಸಿನ ಇನ್‌ಪುಟ್ಟಿಗೆ ಹಾಕಿಟ್ರೆ ಎರಡೂ ಒಂದೇ ಜೋಡಿ ಸ್ಪೀಕರಲ್ಲಿ ಬರುತ್ತೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸೇರಿಸಿ ಕಳಿಸೋ ಶಬ್ದದ ತುಣುಕು) 128 ಸ್ಯಾಂಪಲ್, 48,000 ಹರ್ಟ್ಜ್ ಇಟ್ರೆ ಸುಮಾರು 2.7 ಮಿಲಿಸೆಕೆಂಡ್ ತಡ, 512 ಇಟ್ರೆ 10.7, ಅದರ ಮೇಲೆ ಇಂಟರ್‌ಫೇಸಿನದ್ದೂ ಸ್ವಲ್ಪ ಸೇರುತ್ತೆ. ವಿಂಡೋಸ್ ಆದ್ರೆ ಇಂಟರ್‌ಫೇಸ್ ಜೊತೆ ಬಂದ ಎಎಸ್‌ಐಒ ಡ್ರೈವರ್ (ತಡ ಕಮ್ಮಿ ಮಾಡೋ ಸಾಫ್ಟ್‌ವೇರ್) ಹಾಕ್ಲೇಬೇಕು. ಎರಡೆರಡು ಪಿಯಾನೋ ಒಟ್ಟಿಗೆ ಕೇಳಿದ್ರೆ ಪಿಯಾನೋ ಸೆಟ್ಟಿಂಗಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ, ಆಗ ಕೀ ಒತ್ತಿದ್ರೆ ಪಿಯಾನೋದ ಸ್ವಂತ ಸೌಂಡ್ ಬರಲ್ಲ.

ಇಷ್ಟೆಲ್ಲಾ ಮಾಡಿದ್ರೂ ಗ್ರ್ಯಾಂಡ್ ಪಿಯಾನೋ ಎದುರು ಕೂತ ಹಾಗೆ ಯಾಕೆ ಅನ್ಸಲ್ಲ?

ಗ್ರ್ಯಾಂಡಲ್ಲಿ ಶಬ್ದ ಬರೋದು ದೊಡ್ಡ ಮರದ ಸೌಂಡ್‌ಬೋರ್ಡಿಂದ, ಅದು ಮೇಲಕ್ಕೂ ಕೆಳಕ್ಕೂ ಎಲ್ಲಾ ದಿಕ್ಕಿಗೂ ಹರಡಿ ಇಡೀ ಕೋಣೆ ತುಂಬುತ್ತೆ, ನಡುಕ ಕೀ ಮೂಲಕ ಬೆರಳಿಗೂ ಬರುತ್ತೆ. ಮಾನಿಟರಲ್ಲಿ ಎರಡು ಸಣ್ಣ ಬಿಂದುವಿಂದ ನೇರ ಕಿವಿಗೆ. ಜೊತೆಗೆ ಸ್ಯಾಂಪಲಲ್ಲಿ ರೆಕಾರ್ಡ್ ಆದ ಕೋಣೆಯ ಪ್ರತಿಧ್ವನಿ ಒಂದು, ನಿಮ್ ಕೋಣೆದು ಇನ್ನೊಂದು, ಎರಡೂ ಕೂಡ್ಕೊಳ್ಳುತ್ತೆ. ಹಾಗಾಗಿ ಸ್ಪೀಕರಲ್ಲಿ ನುಡಿಸುವಾಗ ರಿವರ್ಬ್ (ಪಿಯಾನೋ ತಾನೇ ಸೇರಿಸೋ ಪ್ರತಿಧ್ವನಿ) ಅರ್ಧಕ್ಕೆ ಇಳ್ಸಿ ಇಲ್ಲ ಪೂರ್ತಿ ತೆಗೀರಿ. ಪಿಯಾನೋದಲ್ಲಿ ಒಳಗಿನ ಸ್ಪೀಕರನ್ನೂ ಲೈನ್ ಔಟನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ಆಗೋದಾದ್ರೆ ಒಳಗಿನದನ್ನ ತುಂಬಾ ಮೆಲ್ಲಗೆ ಜೊತೆಗೆ ಬಿಡಿ, ಕೀಬೋರ್ಡ್ ಮೈಯಿಂದಾನೂ ಸ್ವಲ್ಪ ಶಬ್ದ, ಸ್ವಲ್ಪ ನಡುಕ ಬಂದಾಗ ಕೈಗೂ ಕಿವಿಗೂ ಸಂಬಂಧ ಕೂಡುತ್ತೆ. ಕೆಲವರು ಮಾನಿಟರನ್ನ ಗೋಡೆ ಕಡೆ ತಿರುಗಿಸಿ ಪ್ರತಿಫಲನದಲ್ಲೇ ಕೇಳ್ತಾರೆ, ಸ್ಪಷ್ಟತೆ ಕಮ್ಮಿ ಆಗುತ್ತೆ, ಹರವು ಜಾಸ್ತಿ ಆಗುತ್ತೆ. ನಂಗದು ಹಿಡಿಸ್ಲಿಲ್ಲ, ಆದ್ರೆ ಖರ್ಚೇನಿಲ್ಲ, ಒಂದು ಸಂಜೆ ತಿರುಗಿಸಿ ನೋಡಿ.